ಎಂಟನೆಯ ಟ್ರ್ಯಾಕಿನ ದನಿ

೨೦೦೧ರ ನವೆಂಬರ್ ಹನ್ನೆರಡು, ಸೋಮವಾರ ಬೆಳಿಗ್ಗೆ ಕಾಪು ಠಾಣೆಗೆ ದೂರು ಬಂತು. ಉದ್ಯಾವರದ ಧ್ವನಿಮುದ್ರಣ ಸ್ಟುಡಿಯೊದಿಂದ ಒಂದು ಟೇಪು ಕಳವಾಗಿದೆ ಎಂದು ಅದರ ಮಾಲೀಕ ಕ್ಲಾರೆನ್ಸ್ ಬರೆದುಕೊಟ್ಟಿದ್ದರು. ಸಬ್ ಇನ್‌ಸ್ಪೆಕ್ಟರ್ ಪರಮಾನಂದ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಕೂಸಪ್ಪನನ್ನು ಕರೆದುಕೊಂಡು ಹೊರಟರು. ಬಾಗಲಕೋಟೆ ಕಡೆಯ ಪರಮಾನಂದ ಕರಾವಳಿಯ ಮೀನಿಗೆ ಇನ್ನೂ ಒಗ್ಗಿರಲಿಲ್ಲ, ಕೆಲಸಕ್ಕೆ ಮಾತ್ರ ಎಂದೋ ಒಗ್ಗಿದ್ದರು.

ಸ್ಟುಡಿಯೊದ ಬೀಗ ಒಡೆದಿರಲಿಲ್ಲ. ದುಬಾರಿ ಮೈಕುಗಳು ಇದ್ದಲ್ಲೇ ಇದ್ದವು. ಟೇಪು ಇಟ್ಟಿದ್ದ ಕಪಾಟಿನ ಖಾಲಿ ಜಾಗದಲ್ಲಿ ಒಂದು ಹಿಡಿ ಬಿಳಿಜೋಳ ಇತ್ತು.

“ಇಲಿ ತಂದದ್ದು ಸರ್,” ಎಂದ ಕೂಸಪ್ಪ.

“ಇಲಿ ಜೋಳ ತಿಂತದ ಮಾರಾಯ, ಗುಡ್ಡಿ ಹಾಕಿ ಹೋಗಂಗಿಲ್ಲ.”

ಪರಮಾನಂದರ ತಾಯಿ ಎಲ್ಲಿಂದ ಏನು ತೆಗೆದರೂ ಜಾಗ ಬರಿದಾಗಬಾರದೆಂದು ಒಂದು ಹಿಡಿ ಕಾಳು ಇಡುತ್ತಿದ್ದರು. ಅಕ್ಕಿ ಉಣ್ಣುವ ಈ ಊರಿನಲ್ಲಿ ಜೋಳ ಇಟ್ಟವರು ತಮ್ಮ ಕಡೆಯವರೇ ಎಂದು ಅವರಿಗೆ ಗೊತ್ತಾಗಿಹೋಯಿತು. ಜೋಳವನ್ನೂ ಪಂಚನಾಮೆಯಲ್ಲಿ ಬರೆಸಿದರು.

“ಟೇಪಿನಲ್ಲಿ ಏನಿತ್ತು?”

“ಇಡೀ ಕ್ಯಾಸೆಟ್ಟು ಅದರಲ್ಲೇ ಉಂಟು ಸರ್,” ಎಂದರು ಕ್ಲಾರೆನ್ಸ್. “ಏಳು ಟ್ರ್ಯಾಕಿನಲ್ಲಿ ವಾದ್ಯ, ಎಂಟನೆಯದರಲ್ಲಿ ಹಾಡು. ಇವತ್ತು ಬೆಂಗಳೂರಿನ ಗಾಯಕಿ ಬಂದು ಹಾಡಬೇಕಿತ್ತು. ಮುಂದಿನ ತಿಂಗಳು ಕಾರ್ಕಳದಲ್ಲಿ ಬಿಡುಗಡೆ.”

“ಹಾಡು ಆಗಲೇ ಇದೆ ಅಂದಿರಲ್ಲ?”

“ಅದು ಗಾಯಕಿ ಕೇಳಿ ಕಲಿಯಲಿಕ್ಕೆ ಬೇರೆಯವರು ಹಾಡಿದ್ದು. ಗಾಯಕಿ ಅದರ ಮೇಲೆಯೇ ಹಾಡ್ತಾರೆ, ಹಳೆಯದು ಅಳಿಸಿ ಹೋಗ್ತದೆ. ಎಲ್ಲ ಕಡೆ ಹಾಗೆಯೇ ಅಲ್ವಾ?”

“ಹಾಡಿದ್ದು ಯಾರು?”

“ಇಲ್ಲಿ ಗುಡಿಸಲಿಕ್ಕೆ ಬರುವ ಯಮನವ್ವ. ಘಟ್ಟದ ಮೇಲಿನವಳು, ಹಗಲು ಹೆದ್ದಾರಿ ಕೆಲಸದಲ್ಲಿ ಕಾಂಕ್ರೀಟು ಹೊರ್ತಾಳೆ. ಬೀಗದ ಕೈ ಅವಳ ಹತ್ತಿರವೂ ಒಂದು ಉಂಟು.”

ಮಹಿಳಾ ಕಾನ್‌ಸ್ಟೇಬಲ್ ಒಬ್ಬರನ್ನು ಕರೆಸಿಕೊಂಡು, ಹೆದ್ದಾರಿ ಪಕ್ಕದ ಕೂಲಿಯವರ ಶೆಡ್ಡುಗಳಿಗೆ ಹೋದಾಗ ಯಮನವ್ವ ರೊಟ್ಟಿ ಬಡಿಯುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ಅವಳು. ಕೈತೊಳೆದು ನೆಟ್ಟಗೆ ನಿಂತಳು.

“ಟೇಪು?”

“ನಾನ ತಗೊಂಡೇನ್ರೀ ಸಾಹೇಬ್ರ.” ಟ್ರಂಕು ತೆರೆದು, ಮದುವೆಯ ಇಳಕಲ್ ಸೀರೆಯ ಮಡಿಕೆಯಿಂದ ತೆಗೆದುಕೊಟ್ಟಳು.

“ಯಾಕೆ?”

“ಸೋಮವಾರ ನಿನ್ನ ದನಿ ಅಳಸ್ತೇವಿ ಅಂದ್ರು. ಧೂಳ ಗುಡಿಸೂದು ನನ್ನ ಕೆಲಸರೀ, ಇಲ್ಲ ಅನ್ನಂಗಿಲ್ಲ. ನನ್ನ ದನಿ ಧೂಳ ಅಲ್ಲ.”

“ಕಳವು ಅನ್ನಿಸಲಿಲ್ಲವಾ?”

“ಅನಿಸ್ತ್ರೀ. ಅದಕ್ಕ ಜೋಳ ಇಟ್ಟೆ.”

“ಯಾರಿಗಾದರೂ ಕೇಳಿಸಿದೀಯಾ?”

“ಯಾವ ಮಷಿನ್‌ನ್ಯಾಗ ಕೇಳಸ್ಲಿ? ನಾನೂ ಕೇಳಿಲ್ಲ.”

ಮಾಲು ಗುರುತಿಸಲು ಪಂಚರ ಮುಂದೆ ಟೇಪು ಹಾಕಲೇಬೇಕಿತ್ತು. ಸ್ಟುಡಿಯೊದಲ್ಲಿ ಕ್ಲಾರೆನ್ಸ್ ಗುಂಡಿ ಒತ್ತಿದರು. ಕಾಂಕ್ರೀಟಿನ ಬುಟ್ಟಿ ಹೊರುವವಳ ಗಂಟಲಿನಿಂದ ಇಂಥ ದನಿ ಬಂದೀತೆಂದು ಕ್ಲಾರೆನ್ಸ್ ಹೊರತು ಅಲ್ಲಿ ಯಾರೂ ಎಣಿಸಿರಲಿಲ್ಲ. ಕೂಸಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆರೋಪಿಯ ಹಾಡು ಕೇಳಿ ಎದೆ ಉಬ್ಬಿಸುವುದು ಪೊಲೀಸರಿಗೆ ಒಪ್ಪುವ ಮಾತಲ್ಲ, ಆದರೂ ಪರಮಾನಂದರ ಎದೆ ಉಬ್ಬಿತು. ನಮ್ಮ ನೆಲದ ಹೆಣ್ಣುಮಗಳು ಎಂಬ ಹೆಮ್ಮೆಯನ್ನು ಅವರು ಮುಚ್ಚಿಡಲೂ ಹೋಗಲಿಲ್ಲ.

ಯಮನವ್ವ ಗೋಡೆಗೆ ಒರಗದೆ, ಕೊನೆಯವರೆಗೂ ನಿಂತು ಕೇಳಿದಳು. “ಛಲೋ ಹಾಡೇನಿ,” ಎಂದಳು.

ದಸ್ತಗಿರಿ ಆಯಿತು. ಕಳವಿನ ಉದ್ದೇಶ ಎಂಬಲ್ಲಿ ಪರಮಾನಂದ ‘ತನ್ನ ದನಿ ಉಳಿಸಿಕೊಳ್ಳಲು’ ಎಂದಷ್ಟೇ ಬರೆದರು. ಟೇಪನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಒತ್ತುವುದನ್ನು ಅವಳು ಕಣ್ಣು ಕೀಳದೆ ನೋಡಿದಳು.

“ಇನ್ನ ಅಳಸ್ತಾರೇನ್ರೀ?”

“ಇದು ಈಗ ಕೋರ್ಟಿನ ಮುದ್ದೇಮಾಲು, ತಂಗಿ. ಕೋರ್ಟ್ ಹೇಳೂತನಕ ಮಾಲೀಕರೂ ಅಳಸೂವಂಗಿಲ್ಲ, ನಾನೂ ಮುಟ್ಟೂವಂಗಿಲ್ಲ.”

“ಹಂಗಾರ ನಡೀರಿ,” ಎಂದು ಯಮನವ್ವ ಸೆರಗು ಸರಿಪಡಿಸಿಕೊಂಡು, ಎಲ್ಲರಿಗಿಂತ ಮೊದಲು ಜೀಪು ಹತ್ತಿ ಕುಳಿತಳು.