ತೊಳೆದಿಟ್ಟ ಪೀಪಾಯಿಗಳು

ಬೆಳಿಗ್ಗೆ ದೀಪ ಹಾಕಿ ನೋಡಿದರೆ ದೆಲ್‌ಬ್ರೆಲ್ ಮನೆತನದ ನೆಲಮಾಳಿಗೆಯಲ್ಲಿ ಪೀಪಾಯಿಗಳೆಲ್ಲ ಬರಿದಾಗಿದ್ದವು. ಒಂದು ವರ್ಷದ ಕೆಂಪು ವೈನ್ ಪೂರ್ತಿ ಚರಂಡಿ ಪಾಲು. ಮಾರನೆಯ ದಿನವೇ ಬೋರ್ಡೋದ ವ್ಯಾಪಾರಿಗಳು ರುಚಿ ನೋಡಲು ಬರುವವರಿದ್ದರು.

ಪೊಲೀಸ್ ಅಧಿಕಾರಿ ಸೊಲಾಂಜ್ ಬಂದಾಗ ಯಜಮಾನ ಎವಾರಿಸ್ಟ್ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಎಂಬತ್ತು ದಾಟಿದ ಮುದುಕ. ಕಲ್ಲಿನ ತಗ್ಗಿನಲ್ಲಿ ನಿಂತಿದ್ದ ವೈನನ್ನು ಗ್ಲಾಸಿಗೆ ಬಳಿದುಕೊಂಡು ಮೂಗಿಗೆ ಹಿಡಿದ.

"ಇಂಥ ವೈನ್ ಜನ್ಮದಲ್ಲಿ ಮಾಡಿರ್ಲಿಲ್ಲ ಕಣಮ್ಮ. ಚೆರ್ರಿ ಹಣ್ಣಿನ ಘಮ. ಮೂಸಿ ನೋಡು."

ಸೊಲಾಂಜ್ ಮೂಸಿ ಹುಬ್ಬು ಗಂಟಿಕ್ಕಿದಳು. ಚರಂಡಿಯ ವಾಸನೆ ಬೆರೆತಿರಬೇಕು ಎಂದುಕೊಂಡಳು.

"ಚೆಲ್ಲಿದ್ದು ಯಾರು ಅಂತ ನಾನೇ ಹೇಳ್ತೀನಿ," ಎಂದ ಮುದುಕ. "ನನ್ನ ಮಗ."

ಮಗ ಫ್ಲೋರಾನ್ ಪ್ಯಾರಿಸ್ ಸೇರಿ ಬಹಳ ವರ್ಷಗಳಾಗಿದ್ದವು. ತೋಟ ಮಾರಿಬಿಡು ಎಂದು ಹಿಂದಿನ ರಾತ್ರಿ ಊಟದ ಮೇಜಿನಲ್ಲೇ ಅಪ್ಪನೊಂದಿಗೆ ಜಗಳವಾಡಿದ್ದ. ಈಗ ಅವನ ಹೊಸ ಬೂಟಿನ ತುಂಬ ಕೆಂಪು ಕಲೆ.

"ಅಕ್ಕ ಕೂಗಿದ್ಲು, ಓಡಿಬಂದು ತುಳಿದೆ ಅಷ್ಟೆ," ಎಂದ ಫ್ಲೋರಾನ್. "ನಾನು ಈ ನೆಲಮಾಳಿಗೇಲಿ ಕಾಲಿಟ್ಟು ಎಷ್ಟು ವರ್ಷ ಆಯ್ತೋ."

"ಬಾಯ್ಮುಚ್ಚು. ವೈನ್ ಹಾಳಾದ್ರೆ ನಾನು ತೋಟ ಮಾರ್ತೀನಿ ಅಂದ್ಕೊಂಡ್ಯಲ್ಲ. ಇವನನ್ನ ಕರ್ಕೊಂಡು ಹೋಗಮ್ಮ. ಇನ್ನು ಇವನು ನನ್ನ ಮಗನೇ ಅಲ್ಲ."

"ಅವನು ಅಂಥವನಲ್ಲ ಅಪ್ಪ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು ಮಿರೇಯ್. ಅಪ್ಪನ ಜೊತೆ ವೈನ್ ಮಾಡುವವಳು ಅವಳೇ. ಮುಖ ಬಿಳಿಚಿಕೊಂಡಿತ್ತು.

*

ಎಲ್ಲರನ್ನೂ ಮೇಲೆ ಕಳಿಸಿ ಸೊಲಾಂಜ್ ಒಂದು ಪೀಪಾಯಿಯೊಳಗೆ ಇಣುಕಿದಳು. ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಗಂಧಕ. ಇನ್ನೊಂದು ನೋಡಿದಳು. ಅದರಲ್ಲೂ ಗಂಧಕ. ಪಕ್ಕದಲ್ಲಿ ಬಿರಡೆಗಳನ್ನು ಸಾಲಾಗಿ ಜೋಡಿಸಿಟ್ಟಿತ್ತು. ಒಂದನ್ನು ಎತ್ತಿ ಮೂಸಿದಳು. ಚರಂಡಿಯನ್ನೇ ಕಾಣದ ಬಿರಡೆಗೂ ಆ ಗ್ಲಾಸಿನದೇ ವಾಸನೆ. ಸೊಲಾಂಜ್ ಹುಟ್ಟಿದ್ದೂ ದ್ರಾಕ್ಷಿ ಬೆಳೆಯುವವರ ಮನೆಯಲ್ಲೇ. ಬಿರಡೆಯನ್ನು ಇದ್ದಲ್ಲೇ ಇಟ್ಟು ಮೆಟ್ಟಿಲು ಹತ್ತಿದಳು.

*

"ಫ್ಲೋರಾನ್ ಅಲ್ಲ," ಎಂದಳು ಅಡುಗೆಮನೆಗೆ ಬಂದು. "ಚೆಲ್ಲಿದವರು ಪ್ರತಿ ಪೀಪಾಯಿಯನ್ನೂ ತೊಳೆದು, ಒಳಗೆ ಗಂಧಕದ ಬತ್ತಿ ಉರಿಸಿದ್ದಾರೆ. ಖಾಲಿ ಪೀಪಾಯಿ ಹಾಗೇ ಬಿಟ್ರೆ ಬೂಸ್ಟು ಹಿಡಿಯುತ್ತಲ್ಲ. ತೋಟ ಮಾರಬೇಕು ಅನ್ನೋನಿಗೆ ಮುಂದಿನ ಸುಗ್ಗಿಯ ಚಿಂತೆ ಯಾಕೆ? ಈ ಮನೇಲಿ ಆ ಚಿಂತೆ ಇರೋದು ಇಬ್ಬರಿಗೆ. ಯಜಮಾನರಿಗೆ ಆ ವೈನ್ ಅಂದ್ರೆ ಪ್ರಾಣ. ಉಳಿದವಳು ಮಿರೇಯ್."

ಮಿರೇಯ್ ತಲೆ ತಗ್ಗಿಸಿದಳು.

"ಯಾಕೆ ಅಂತ ಬಿರಡೆ ಹೇಳ್ತು. ವೈನ್ ಮೊದಲೇ ಕೆಟ್ಟಿತ್ತು. ಯಜಮಾನರೇ, ನಿಮ್ಮ ಮೂಗಿಗೆ ಅದು ಗೊತ್ತಾಗ್ಲಿಲ್ಲ."

ಎವಾರಿಸ್ಟ್ ತನ್ನ ಮೂಗು ಮುಟ್ಟಿಕೊಂಡ. ಆಮೇಲೆ ಮಗಳ ಕಡೆ ತಿರುಗಿದ.

"ಚಳಿಗಾಲ ಪೂರ್ತಿ ನಿನಗೆ ರುಚಿ ತೋರಿಸಿದೆ. ಚೆನ್ನಾಗಿದೆ ಅಪ್ಪ ಅಂದೆ."

"ನಿನ್ನ ಮೂಗು ಹೋಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?" ಮಿರೇಯ್ ಅಳುತ್ತಿದ್ದಳು. "ನಾಳೆ ಅವರೆಲ್ಲ ಮುಖ ಸಿಂಡರಿಸೋದನ್ನ ನೀನು ನೋಡಬಾರದಿತ್ತು."

"ತಮ್ಮನ ತಲೆಗೆ ಕಟ್ಟಿ ಸುಮ್ಮನಿರ್ತಿದ್ದೆಯಾ?"

"ಇಲ್ಲಪ್ಪ. ಅವನು ಪೊಲೀಸ್ ಜೀಪು ಹತ್ತೋಕೆ ನಾನು ಬಿಡ್ತಿರ್ಲಿಲ್ಲ."

ಮುದುಕನಿಗೆ ಮಗನ ಮುಖ ನೋಡಲು ನಾಚಿಕೆಯಾಯಿತು. ನೋಡದೆಯೇ ಅವನ ತೋಳು ಹಿಡಿದುಕೊಂಡ. ಫ್ಲೋರಾನ್ ಬಿಡಿಸಿಕೊಳ್ಳಲಿಲ್ಲ.

"ಈಗಲಾದ್ರೂ ನಿಜ ಹೇಳು ಮಿರೇಯ್. ಯಾವ ವಾಸನೆ ಇತ್ತು?"

"ಕುದುರೆ ಲಾಯದ್ದು."

"ಎಲ್ಲದರಲ್ಲೂ?"

"ಎಲ್ಲದರಲ್ಲೂ ಅಪ್ಪ."

ಎವಾರಿಸ್ಟ್ ನಿಧಾನವಾಗಿ ತಲೆಯಾಡಿಸಿದ.

"ಹಾಗಿದ್ರೆ ನಾನೂ ಚೆಲ್ತಿದ್ದೆ," ಎಂದ.