ಆಟದ ನಡುವೆ ಆರಿದ ಪರದೆ

ಕಂಪ್ಯೂಟರ್ ಮತ್ತೆ ಸತ್ತಿತ್ತು.

ಅಣ್ಣ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. ಸಂಜೆ ಆನ್‌ಲೈನ್ ಆಟದ ತಂಡಕ್ಕೆ ಆಯ್ಕೆಯ ಪಂದ್ಯ. ನಡುವೆ ಇನ್ನೊಮ್ಮೆ ಹೀಗಾದರೆ ತಂಡದಲ್ಲಿ ಜಾಗವಿಲ್ಲ ಎಂದು ನಾಯಕ ಆಗಲೇ ಹೇಳಿಬಿಟ್ಟಿದ್ದ.

"ನಿನ್ನ ಲೆಕ್ಕಾಚಾರ," ಎಂದ, ತಂಗಿಯ ಕಡೆ ತಿರುಗದೆಯೇ. "ನಾನು ಎಂಟುನೂರೈವತ್ತು ವಾಟಿನ ಪವರ್ ಸಪ್ಲೈ ತಗೊಳ್ಳೋಣ ಅಂದೆ. ಆರುನೂರೈವತ್ತು ಸಾಕು ಅಂದೋಳು ನೀನು."

ತಂಗಿ ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದಳು. ಕಂಪ್ಯೂಟರಿನ ಒಳಗೆ ಕರೆಂಟು ಹಂಚುವ ಆ ಪವರ್ ಸಪ್ಲೈ ಆರಿಸಿದ್ದು ಅವಳೇ, ಬಿಡಿಭಾಗಗಳನ್ನು ಜೋಡಿಸಿದ್ದೂ ಅವಳೇ. ಪ್ರಾಸೆಸರ್, ಹೊಸ ಗ್ರಾಫಿಕ್ಸ್ ಕಾರ್ಡ್, ಫ್ಯಾನುಗಳು — ಎಲ್ಲ ಸೇರಿ ಎಷ್ಟೇ ಎಳೆದರೂ ನಾನೂರೈವತ್ತು ವಾಟ್ ದಾಟದು. ಆದರೂ ಆಟ ಬಿರುಸಾದಾಗಲೇ ಸಾಯುತ್ತಿತ್ತು. ಸುಮ್ಮನಿದ್ದಾಗ ಗುಂಡುಕಲ್ಲಿನ ಹಾಗಿರುತ್ತಿತ್ತು. ಹಾಗಾದರೆ ವಾಟೇ ಕಡಿಮೆಯಾಯಿತೆ? ಕಾರ್ಡೇ ಕೆಟ್ಟಿದೆಯೆ? ತಾನು ಸಿಕ್ಕಿಸಿದ ವೈರ್ ಸಡಿಲವೆ? ಬಿಚ್ಚಿ ಬಿಚ್ಚಿ ನೋಡಿದ್ದಳು. ನೋಡಿದಷ್ಟೂ ತಲೆ ಗೊಂದಲದ ಗೂಡಾಗಿತ್ತು.

ಅಪ್ಪ ಬಂದು, ಎಂದಿನಂತೆ ಮೇಜಿನ ಕೆಳಗೆ ನುಸುಳಿ, ಏನೋ ಒತ್ತಿ ಎದ್ದರು. ಕಂಪ್ಯೂಟರಿಗೆ ಜೀವ ಬಂತು.

"ಅಳೆದೂ ಸುರಿದೂ ಕೊಂಡರೆ ಹೀಗೇ," ಎಂದರು. "ನಡಿಯೋ, ದೊಡ್ಡದೇ ತಂದುಬಿಡೋಣ."

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಬೆಂಕಿ ಬಿದ್ದ ಗೋದಾಮುಗಳಿಗೆ ಹೋಗಿ ಕಾರಣ ಹುಡುಕುವುದು ವಿಮಾ ಕಂಪನಿಯಲ್ಲಿ ಅವಳ ಕೆಲಸ. ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಪ್ರಶ್ನೆ ಕೇಳುವುದನ್ನು ಮಾತ್ರ ಬಿಡುತ್ತಿರಲಿಲ್ಲ.

"ಸ್ವಲ್ಪ ತಡೀರಿ, ಭಾವ. ಸತ್ತಾಗ ಪರದೆ ಏನಾಯ್ತು?"

"ಏನಾಗುತ್ತೆ ಚಿಕ್ಕಮ್ಮ? ಕಪ್ಪಾಯ್ತು," ಎಂದ ಅಣ್ಣ.

"ಅದರ ಮೂಲೇಲಿರೋ ಪುಟ್ಟ ದೀಪ?"

ಅಣ್ಣ ತಡವರಿಸಿದ. "ಅದೂ... ಆರಿತ್ತು."

"ಪರದೆಗೂ ಕರೆಂಟು ಇದೇ ಪವರ್ ಸಪ್ಲೈಯಿಂದ್ಲೇ ಬರುತ್ತಾ?"

"ಇಲ್ಲ, ಅದರ ವೈರೇ ಬೇರೆ—" ತಂಗಿಯ ಮಾತು ಅಲ್ಲೇ ನಿಂತಿತು. ಪವರ್ ಸಪ್ಲೈ ಸೋತಿದ್ದರೆ ಕಂಪ್ಯೂಟರ್ ಒಂದೇ ಸಾಯಬೇಕಿತ್ತು. ಪರದೆಯ ದೀಪವೇಕೆ ಜೊತೆಗೆ ಆರಿತು?

"ಭಾವ, ಕೆಳಗೆ ನೀವು ಒತ್ತಿದ್ದೇನು?"

"ಯುಪಿಎಸ್ ಸ್ವಿಚ್ಚು."

"ಯಾವ ಯುಪಿಎಸ್ ಅಪ್ಪ? ನಾನು ಕಂಪ್ಯೂಟರು, ಪರದೆ ಎರಡನ್ನೂ ಗೋಡೆಗೇ ಸಿಕ್ಕಿಸಿದ್ದೆ," ಎಂದಳು ತಂಗಿ.

"ಆಮೇಲೆ ನಾನೇ ಬದಲಾಯಿಸ್ದೆ. ಆಫೀಸಿಂದು ಹಳೇದಿತ್ತು. ಕರೆಂಟ್ ಹೋದ್ರೆ ಅಷ್ಟು ದುಬಾರಿ ಸಾಮಾನು ಹಾಳಾಗ್ಬಾರ್ದಲ್ಲ?"

ಚಿಕ್ಕಮ್ಮ ಬಗ್ಗಿ, ಮೊಬೈಲ್ ಬೆಳಕಲ್ಲಿ ಡಬ್ಬದ ಮೇಲಿದ್ದುದನ್ನು ಓದಿದಳು. "ಮುನ್ನೂರರವತ್ತು ವಾಟ್. ಆಟ ಜೋರಾದಾಗ ಎಷ್ಟು ಬೇಕು, ಪುಟ್ಟಿ?"

"ನಾನೂರು ದಾಟುತ್ತೆ."

"ಇದಕ್ಕೆ ಅಷ್ಟು ತಾಕತ್ತಿಲ್ಲ. ಕೈಚೆಲ್ಲುತ್ತೆ, ಹೋಗ್ತಾ ಪರದೆನೂ ಎಳ್ಕೊಂಡು ಹೋಗುತ್ತೆ. ಸಾವಿರ ವಾಟಿನ ಸಪ್ಲೈ ತಂದಿದ್ರೂ ಇದೇ ಕಥೆ. ಪ್ರತಿಸಲ ಬದುಕಿಸೋರು ಭಾವ ಒಬ್ಬರೇ. ಅವರೇನು ಒತ್ತುತ್ತಾರೆ ಅಂತ ಯಾರೂ ಕೇಳ್ಲಿಲ್ಲ."

ಅಪ್ಪನ ಮುಖ ಸಪ್ಪಗಾಯಿತು. "ಇವಳ ಸಪ್ಲೈ ಕೈಕೊಡ್ತಿದೆ, ನನ್ನ ಯುಪಿಎಸ್ಸು ಕಾಪಾಡ್ತಿದೆ ಅಂದ್ಕೊಂಡಿದ್ನಲ್ಲೇ..."

"ಕಾಪಾಡೋಕೆ ಹೋದೋರೇ ಕೊಂದಿದ್ದು, ಭಾವ. ಅಪರಾಧಿ ನೀವೇ."

ತಂಗಿ ನೆಲಕ್ಕೆ ಕೂತು ಎರಡೂ ಪ್ಲಗ್ಗುಗಳನ್ನು ಗೋಡೆಗೆ ಸಿಕ್ಕಿಸಿದಳು. ಅಣ್ಣ ಇದ್ದುದರಲ್ಲೇ ಭಾರದ ಆಟ ತೆರೆದ. ಫ್ಯಾನುಗಳು ಮೊರೆದವು. ಆಟ ಸಾಗುತ್ತಲೇ ಇತ್ತು.

ಅಣ್ಣ ನಾಯಕನಿಗೆ ಫೋನು ಹಚ್ಚಿದ.

"ನಾನು ಆಡ್ತೀನಿ. ನಡುವೆ ನಿಲ್ಲಲ್ಲ," ಎಂದ. ಆಮೇಲೆ ತಂಗಿಯ ಕಡೆ ತಿರುಗಿ, "ನನ್ನ ತಂಗಿ ಜೋಡಿಸಿರೋದು."