ನಾವಿಕನ ಅರ್ಧ ಮುಖ

"ಸತ್ತವರ ಸ್ಮಾರಕಕ್ಕೆ ಬದುಕಿದವನ ಮುಖ ಕೊಡಬಾರದು ಮಗಾ, ಮಾಟ ತಗಲ್ತದೆ," ಎಂದರು ಮಹಮೂದ್ ಕಾಕ. ಉಳ್ಳಾಲದ ಅವರು ದೋಹಾದ ಎರಕದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಂಚು ಸುರಿದವರು.

ಊರಿಂದ ಬಂದು ತಿಂಗಳೂ ಆಗದ ಸೆಲೆಸ್ಟಿನ್ ನಕ್ಕ. "ಮಾಟಕ್ಕೂ ಕತಾರ್ ವೀಸಾ ಸಿಗ್ತದಾ ಕಾಕ?"

ಪೋಲೆಂಡಿನ ಗ್ಡೀನಿಯಾ ಎಂಬ ಬಂದರು ನಗರಕ್ಕಾಗಿ, ಕಡಲಲ್ಲಿ ಕಾಣೆಯಾದ ನಾವಿಕರ ನೆನಪಿಗೆ, ಆ ಕಾರ್ಖಾನೆಯಲ್ಲೊಂದು ಕಂಚಿನ ಪ್ರತಿಮೆ ತಯಾರಾಗುತ್ತಿತ್ತು. "ನಿನ್ನ ಮುಖ ಯುರೋಪಿನಲ್ಲಿ ನಿಲ್ತದೆ ಭಾವ," ಎಂದು ಅದಕ್ಕೆ ಮುಖದ ಅಚ್ಚು ಕೊಡಲು ಸೆಲೆಸ್ಟಿನ್‌ನನ್ನು ಒಪ್ಪಿಸಿದವನು ಹೆಂಡತಿಯ ಅಣ್ಣ ಬ್ರ್ಯಾಂಡನ್. ಕೆಲಸ ಕೊಡಿಸಿ ಕರೆತಂದವನೂ ಅವನೇ. ಎರಡು ತಿಂಗಳಿಂದ ಬಿಡದ ಕೆಮ್ಮಿದ್ದರೂ ತಾನೇ ಕೈಯಾರೆ ಭಾವನ ಮುಖಕ್ಕೆ ತಣ್ಣನೆಯ ಪ್ಲಾಸ್ಟರ್ ಬಳಿದು ಅಚ್ಚು ತೆಗೆದ. ಅಚ್ಚಿನಲ್ಲಿ ಮೇಣದ ಮುಖ ಮೂಡಿತು. ಅದಕ್ಕೆ ಮಣ್ಣು ಮೆತ್ತಿ, ಮೇಣ ಕರಗಿ ಹೋಗಲೆಂದು ಬೆಂಕಿಗಿಟ್ಟರು.

ಅಂದೇ ಸೆಲೆಸ್ಟಿನ್‌ಗೆ ಜ್ವರ ಏರಿತು. ಕೂದಲು ಸುಟ್ಟ ವಾಸನೆ ಅವನೊಬ್ಬನ ಮೂಗಿಗೇ ಬಡಿಯಿತು. ಬ್ರ್ಯಾಂಡನ್ ಮಾತ್ರ ಆ ದಿನ ಒಮ್ಮೆಯೂ ಕೆಮ್ಮಲಿಲ್ಲ.

ಮರುದಿನ ಮಧ್ಯಾಹ್ನ ಕುದಿಯುವ ಕಂಚು ಮಣ್ಣಿನ ಅಚ್ಚಿಗೆ ಇಳಿಯತೊಡಗಿತು. ಪಕ್ಕದಲ್ಲೇ ನಿಂತಿದ್ದ ಸೆಲೆಸ್ಟಿನ್‌ನ ಎಡಗೆನ್ನೆ ಮರಗಟ್ಟಿತು. ತುಟಿ ಜೋತಿತು. ಎಡಗಣ್ಣಿಗೆ ಕತ್ತಲೆ ಕವಿಯಿತು. ಉಸಿರು ಕಟ್ಟತೊಡಗಿತು.

ಕಾಕ ಬ್ರ್ಯಾಂಡನ್‌ನ ಕಾಲರ್ ಹಿಡಿದರು. "ಮೇಣದಲ್ಲಿ ಏನು ಸೇರಿಸಿದ್ದೀ? ಹೇಳು!"

"ಈ ಪ್ರತಿಮೆಗೆ ಮೊದಲು ಅಚ್ಚು ತೆಗೆದದ್ದು ನನ್ನ ಮುಖದ್ದು ಕಾಕ. ಅವತ್ತಿನಿಂದ ಈ ಕೆಮ್ಮು. ಬದಲಿಗೆ ಒಬ್ಬನನ್ನು ಕೊಡು ಅಂದ, ಊರಿನ ಮಂತ್ರವಾದಿ. ಇವನ ಬಾಚಣಿಗೆಯ ಕೂದಲು... ಶಿಲುಬೆಯ ದಾರ..."

ಎಂಟು ದಿನದಿಂದ ಕಾಣೆಯಾಗಿದ್ದ ದಾರ. ವಿಮಾನ ಹತ್ತುವ ದಿನ ಹೆಂಡತಿ ಕೊರಳಿಗೆ ಕಟ್ಟಿದ್ದು.

"ನಿನ್ನ ತಂಗಿ..." ಎಂದ ಸೆಲೆಸ್ಟಿನ್. ಮುಂದೆ ನಾಲಿಗೆ ಹೊರಳಲಿಲ್ಲ.

"ಖಲಾಸ್! ಸಾಕು, ಸುರಿಯಬೇಡಿ!" ಕಾಕ ಕಬ್ಬಿಣದ ಸರಳು ಎತ್ತಿದರು. ಒಂದು ಏಟು. ಎರಡು. ಅಚ್ಚು ಒಡೆಯಿತು. ಕೆಂಪು ಕಂಚು ಮರಳಿಗೆ ಹರಿಯಿತು. ಸೆಲೆಸ್ಟಿನ್‌ಗೆ ಉಸಿರು ಬಂತು.

ಎಡಗಣ್ಣು ಬರಲಿಲ್ಲ. ಎಡಗೆನ್ನೆಗೆ ಮತ್ತೆ ಜೀವ ಬರಲಿಲ್ಲ.

ಒಡೆದ ಅಚ್ಚಿನಲ್ಲಿ ಎಡ ಅರ್ಧವಷ್ಟೇ ಮೂಡಿದ್ದ ಕಂಚಿನ ಮುಖ ಪೋಲೆಂಡಿನ ಶಿಲ್ಪಿಗೆ ಹಿಡಿಸಿತು. ಕಡಲು ತಿಂದ ಮುಖ ಹೀಗೇ ಇರಬೇಕು ಎಂದು ಹಾಗೆಯೇ ಒಯ್ದ. ಈಗ ಅದು ಬಂದರಿನಲ್ಲಿ ಅಲೆಗಳಿಗೆ ಎದುರಾಗಿ ನಿಂತಿದೆ.

ಪ್ರತಿ ಶುಕ್ರವಾರ ದೋಹಾದ ಅಬು ಹಮೂರಿನ ಇಗರ್ಜಿಯಲ್ಲಿ, ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತಿಗೆ, ಬ್ರ್ಯಾಂಡನ್ ಭಾವನ ಪಕ್ಕದಲ್ಲೇ ಕೈಮುಗಿದು ನಿಲ್ಲುತ್ತಾನೆ. ಆರೋಗ್ಯವಾಗಿದ್ದಾನೆ. ನಿಲ್ಲುವುದು ಯಾವಾಗಲೂ ಎಡಕ್ಕೆ, ಸೆಲೆಸ್ಟಿನ್‌ಗೆ ಕಾಣದ ಕಡೆಗೆ.